ಎರಡನೆಯ ಸಲ ಕಂಪೈಲ್ ಮಾಡುವವರು ಯಾರು?

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ನಾವೇ ಕಂಪೈಲ್ ಮಾಡಿಕೊಂಡರೆ, ಅಂದರೆ ಅದರ ಮೂಲ ಬರಹದಿಂದ ಓಡುವ ರೂಪಕ್ಕೆ ಕಟ್ಟಿಕೊಂಡರೆ, ಕಂಪ್ಯೂಟರ್ ಚುರುಕಾಗುತ್ತದೆ ಎಂಬ ಮಾತು ನಾನು ಲಿನಕ್ಸ್ ಕಲಿಯುತ್ತಿದ್ದ ಕಾಲದಲ್ಲೂ ಇತ್ತು, ಈಗಲೂ ಇದೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವವರಿಗೆ ಕೊರತೆಯಿಲ್ಲ, ಹಾಗಾಗಿ ಈ ಮಾತನ್ನು ನಂಬುವವರಿಗೂ ಕೊರತೆಯಿಲ್ಲ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ನಮ್ಮಂಥವರ ಬೋಗಿಯಲ್ಲಿ ಯಾರಾದರೂ ಲ್ಯಾಪ್‌ಟಾಪ್ ತೆರೆದು ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳನ್ನು ಓಡಿಸಿದರೆ ಸಾಕು, ಎದುರು ಸೀಟಿನಿಂದ ಪ್ರಶ್ನೆ ಬರುತ್ತದೆ: ಇಷ್ಟು ಕಷ್ಟಪಡುವುದರಿಂದ ಪ್ರಯೋಜನ ಉಂಟೇ ಸಾರ್?

ವೇಗಕ್ಕಾಗಿ ಎಂದಾದರೆ ಇಲ್ಲ. ಇದನ್ನು ನಾನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ. ಬೇರೆ ಕಾರಣಗಳಿಗಾದರೆ ಉಂಟು, ಆದರೆ ಆ ಕಾರಣಗಳು ಕೇಳುವವರ ಮನಸ್ಸಿನಲ್ಲಿ ಇರುವಂಥವಲ್ಲ.

ಲೆಕ್ಕ ಹಾಕಿ ನೋಡೋಣ. ಬ್ರೌಸರ್, ಆಫೀಸ್ ತಂತ್ರಾಂಶ, ವಿಡಿಯೊ ಪ್ಲೇಯರ್ ಇವು ನಮ್ಮ ಕೆಲಸ ಮಾಡುತ್ತವೆ. ಅವುಗಳಿಗೆ ಪ್ರೊಸೆಸರನ್ನೂ ಮೆಮೊರಿಯನ್ನೂ ಡಿಸ್ಕನ್ನೂ ಹಂಚಿಕೊಡುವುದು ಕರ್ನಲ್. ಟರ್ಮಿನಲ್‌ನಲ್ಲಿ ಯಾವುದೇ ಆದೇಶದ ಮುಂದೆ 'ಟೈಮ್' ಎಂದು ಸೇರಿಸಿ ಓಡಿಸಿದರೆ ಕೊನೆಗೆ ಮೂರು ಅಂಕಿಗಳು ಸಿಗುತ್ತವೆ: ಒಟ್ಟು ಹಿಡಿದ ಸಮಯ, ತಂತ್ರಾಂಶ ತಾನೇ ದುಡಿದ ಸಮಯ, ಅದರ ಪರವಾಗಿ ಕರ್ನಲ್ ದುಡಿದ ಸಮಯ. ದೊಡ್ಡ ಕಡತವೊಂದನ್ನು ಪಿಡಿಎಫ್ ಮಾಡುವಂತಹ ಕೆಲಸದಲ್ಲಿ ಮೂರನೆಯ ಅಂಕಿ ಸಣ್ಣದು. ಉದಾರವಾಗಿ, ಅದು ಒಟ್ಟು ಸಮಯದ ಹತ್ತರಲ್ಲೊಂದು ಪಾಲು ಎಂದೇ ಇಟ್ಟುಕೊಳ್ಳಿ. ನೀವು ಕಟ್ಟಿದ ಕರ್ನಲ್ ಶೇ. 5ರಷ್ಟು ಚುರುಕಾಗಿದೆ ಎಂದೂ ಇಟ್ಟುಕೊಳ್ಳಿ. ಅಷ್ಟಾದರೂ ಕೈಗೆ ಬರುವ ಲಾಭ ಶೇ. 0.5. ಒಂದು ನಿಮಿಷದ ಕೆಲಸದಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟೂ ಉಳಿಯುವುದಿಲ್ಲ.

'ನನ್ನ ಪ್ರೊಸೆಸರಿಗೆಂದೇ ಕಂಪೈಲ್ ಮಾಡಿದರೆ?' ಎಂಬುದು ಮುಂದಿನ ಪ್ರಶ್ನೆ. ಕಂಪೈಲರಿಗೆ 'ಈ ಯಂತ್ರಕ್ಕೆ ತಕ್ಕಂತೆ' ಎಂದು ಹೇಳಿದಾಗ ಸಾಮಾನ್ಯ ತಂತ್ರಾಂಶಗಳಿಗೆ ಸಿಗುವ ಲಾಭದ ಬಹುಭಾಗ ಎಸ್‌ಎಸ್‌ಇ, ಎವಿಎಕ್ಸ್ ಎಂಬ ಸೂಚನೆಗಳು ಬಳಸುವ ಅಗಲವಾದ ರಿಜಿಸ್ಟರುಗಳಿಂದ, ಅಂದರೆ ಪ್ರೊಸೆಸರ್ ಲೆಕ್ಕ ಮಾಡುವಾಗ ಅಂಕಿಗಳನ್ನು ಇಟ್ಟುಕೊಳ್ಳುವ ಗೂಡುಗಳಿಂದ, ಬರುತ್ತದೆ. ಇಂಟೆಲ್, ಎಎಂಡಿ ಪ್ರೊಸೆಸರುಗಳ ಎಕ್ಸ್86 ಯಂತ್ರಗಳಲ್ಲಿ ಕರ್ನಲ್ಲನ್ನು ಕಂಪೈಲ್ ಮಾಡುವಾಗ ಆ ರಿಜಿಸ್ಟರುಗಳನ್ನು ಮುಟ್ಟಬಾರದೆಂದು ಬೇಕೆಂದೇ ಆದೇಶ ಕೊಟ್ಟಿರುತ್ತಾರೆ. ಮುಟ್ಟಿದರೆ ಕರ್ನಲ್ಲಿನ ಒಳಗೆ ಹೊಕ್ಕಾಗಲೆಲ್ಲ ಅವುಗಳಲ್ಲಿದ್ದದ್ದನ್ನು ಎತ್ತಿಟ್ಟು, ಹೊರಬರುವಾಗ ಮತ್ತೆ ತುಂಬಬೇಕು. ಆ ಖರ್ಚು ಲಾಭವನ್ನು ನುಂಗುತ್ತದೆ. ನಿಜವಾಗಿಯೂ ಅವು ಬೇಕಾಗುವ ಗೂಢಲಿಪಿ, ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್‌ನಂತಹ ಭಾಗಗಳನ್ನು ಪ್ರತ್ಯೇಕವಾಗಿ, ಕೈಯಿಂದಲೇ ಬರೆದಿದ್ದಾರೆ. ಬೂಟ್ ಆಗುವಾಗ ಕರ್ನಲ್ ನಿಮ್ಮ ಪ್ರೊಸೆಸರಿನ ಸಾಮರ್ಥ್ಯ ನೋಡಿ ತನ್ನ ಕೆಲವು ಸೂಚನೆಗಳನ್ನು ತಾನೇ ಮೆಮೊರಿಯಲ್ಲಿ ಬದಲಿಸಿಕೊಳ್ಳುತ್ತದೆ ಕೂಡ. ಅಂದರೆ ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಉಬುಂಟು, ಡೆಬಿಯನ್‌ನಂತಹ ವಿತರಣೆಗಳು ಎಲ್ಲರಿಗೂ ಒಂದೇ ಎಂದು ಕೊಡುವ ಕರ್ನಲ್, ನಿಮ್ಮ ಮೇಜಿನ ಮೇಲೆ ಓಡುವ ಹೊತ್ತಿಗೆ ತಕ್ಕಮಟ್ಟಿಗೆ ನಿಮ್ಮ ಯಂತ್ರದ್ದೇ ಆಗಿರುತ್ತದೆ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಒಂದು ಕಾಲದಲ್ಲಿ ಅದು ನಿಜವಾಗಿತ್ತು. 1991ರ ಸೆಪ್ಟೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಆವೃತ್ತಿ ಸುಮಾರು 10,000 ಸಾಲುಗಳದು. ಆಗ ಲಿನಕ್ಸ್ ಬಳಸುವುದೆಂದರೆ ಅದನ್ನು ಕಂಪೈಲ್ ಮಾಡುವುದೇ ಆಗಿತ್ತು. ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯುವ ಮಾಡ್ಯೂಲುಗಳ ಅನುಕೂಲ 1.2ನೇ ಆವೃತ್ತಿಯ ಹೊತ್ತಿಗೆ, 1995ರಲ್ಲಿ ಬಂತು. ಅದಾದ ಮೇಲೂ ಹಲವು ವರ್ಷ ಸೌಂಡ್ ಕಾರ್ಡಿನ ಐಆರ್‌ಕ್ಯೂ ಸಂಖ್ಯೆ ಹುಡುಕಿ ಕೊಡದಿದ್ದರೆ ಸ್ಪೀಕರ್ ಉಸಿರೆತ್ತುತ್ತಿರಲಿಲ್ಲ. 32 ಎಂಬಿ ಮೆಮೊರಿಯಲ್ಲಿ ಎರಡು ಎಂಬಿ ಉಳಿಸಿದರೆ ಅದು ಉಳಿತಾಯವೇ. ಈಗ ಬ್ರೌಸರಿನ ಒಂದು ಟ್ಯಾಬ್ ನೂರಾರು ಎಂಬಿ ತಿನ್ನುತ್ತದೆ. ಕರ್ನಲ್ಲಿನಲ್ಲಿ ಎಂಟು ಎಂಬಿ ಮಿಗಿಸಿ ಬೀಗುವುದರಲ್ಲಿ ಅರ್ಥವಿಲ್ಲ.

2025ರ ಹೊತ್ತಿಗೆ ಕರ್ನಲ್ ಮೂಲದ ಗಾತ್ರ 4 ಕೋಟಿ ಸಾಲು ದಾಟಿದೆ. ಕೇಳಿದವರು ಬೆಚ್ಚುತ್ತಾರೆ, 'ಇಷ್ಟೆಲ್ಲ ನನ್ನ ಕಂಪ್ಯೂಟರಿನಲ್ಲಿ ಓಡುತ್ತಿದೆಯೇ' ಎಂದು. ಇಲ್ಲ. ಅದರ ದೊಡ್ಡ ಪಾಲು ಡ್ರೈವರುಗಳು, ಅಂದರೆ ಒಂದೊಂದು ಯಂತ್ರಾಂಶವನ್ನು ನಡೆಸುವ ಭಾಗಗಳು. ಎಎಂಡಿ ಗ್ರಾಫಿಕ್ಸ್ ಡ್ರೈವರೊಂದೇ 50 ಲಕ್ಷ ಸಾಲುಗಳಿಗೂ ಹೆಚ್ಚು, ಅದರಲ್ಲೂ ಬಹುಪಾಲು ಯಂತ್ರವೇ ಬರೆದಿಟ್ಟ ಹೆಡರ್ ಕಡತಗಳು. ನಿಮ್ಮಲ್ಲಿ ಇಲ್ಲದ ಯಂತ್ರಾಂಶದ ಮಾಡ್ಯೂಲುಗಳು ಡಿಸ್ಕಿನಲ್ಲಿ ತಮ್ಮ ಪಾಡಿಗೆ ಬಿದ್ದಿರುತ್ತವೆ, ಮೆಮೊರಿಗೆ ಬರುವುದಿಲ್ಲ. ಅವನ್ನು ಕತ್ತರಿಸಿದರೆ ಉಳಿಯುವುದು ಡಿಸ್ಕಿನ ಜಾಗ.

ಕಂಪೈಲ್ ಮಾಡಲು ಇದ್ದ ಇತರ ಕಾರಣಗಳೂ ಒಂದೊಂದಾಗಿ ಉದುರಿಹೋಗಿವೆ. ಡೆಸ್ಕ್‌ಟಾಪಿಗೆ ಬೇರೆ, ಸರ್ವರಿಗೆ ಬೇರೆ ಎಂದು ಪ್ರಿಯೆಂಪ್ಷನ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಇನ್ನೊಂದಕ್ಕೆ ಪ್ರೊಸೆಸರ್ ಕೊಡುವ ಆಯ್ಕೆಯನ್ನು ಬದಲಿಸಿ ಕಟ್ಟುವ ಪದ್ಧತಿಯಿತ್ತು. 2021ರಲ್ಲಿ ಬಂದ 5.12ರಿಂದ ಅದನ್ನು ಬೂಟ್ ಸಾಲಿನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳ ಸಾಲಿನಲ್ಲಿ, ಒಂದು ಪದ ಸೇರಿಸಿ ಬದಲಿಸಬಹುದು. ಪ್ರೊಸೆಸರ್ ದೋಷಗಳಿಗೆ ಹಾಕಿದ ರಕ್ಷಣೆಗಳು ವೇಗ ಕುಗ್ಗಿಸುತ್ತವೆ ಎನ್ನುವವರಿಗೂ ಬೂಟ್ ಸಾಲಿನಲ್ಲೇ ಸ್ವಿಚ್ ಇದೆ. ಆ ರಕ್ಷಣೆಗಳನ್ನು ಆಫ್ ಮಾಡುವುದು ಜಾಣತನವೇ ಎಂಬುದು ಬೇರೆ ಮಾತು. 2024ರ 6.12ರಿಂದ ಶೆಡ್ಯೂಲರನ್ನೇ, ಅಂದರೆ ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಕೊಡಬೇಕೆಂದು ತೀರ್ಮಾನಿಸುವ ಭಾಗವನ್ನೇ, ಓಡುತ್ತಿರುವ ಯಂತ್ರದಲ್ಲಿ ಹೊರಗಿನಿಂದ ತಂದು ಕೂರಿಸಬಹುದು.

ಇಷ್ಟಾದರೂ ಹುಡುಗರು ಮಾಡುತ್ತಾರೆ. ಮಾಡಲಿ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಅವನ ಗೆಳೆಯನ ತಂದೆಗೆ ಕಾಲೇಜೊಂದರ ಎದುರು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಎರಡು ಕಂಪ್ಯೂಟರ್. ಒಂದರಲ್ಲಿ ವಿಂಡೋಸ್, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶಕ್ಕೆ. ಇನ್ನೊಂದು ಹಳೆಯದು, ಲಿನಕ್ಸ್ ಹಾಕಿದ್ದು, ಬರೀ ಪಿಡಿಎಫ್ ಪ್ರಿಂಟಿಗೆ. ಹುಡುಗರಿಬ್ಬರೂ ಸೇರಿ ಆ ಹಳೆಯದಕ್ಕೆ ಹೊಸ ಕರ್ನಲ್ ಕಟ್ಟಿದರು. 'ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಆಯ್ಕೆ ಬಳಸಿದ್ದರು. ಆ ಕ್ಷಣದಲ್ಲಿ ಯಂತ್ರದಲ್ಲಿ ಯಾವ ಮಾಡ್ಯೂಲುಗಳು ಓಡುತ್ತಿವೆಯೋ ಅವನ್ನು ಮಾತ್ರ ಉಳಿಸಿ ಮಿಕ್ಕ ಮಾಡ್ಯೂಲುಗಳನ್ನೆಲ್ಲ ಕೈಬಿಡುವ ಆಯ್ಕೆ ಅದು. 2009ರ ಕೊನೆಯಲ್ಲಿ ಬಂದ 2.6.32ರಿಂದ ಇದೆ. ತಾಸುಗಟ್ಟಲೆ ಹಿಡಿಯುವ ಕೆಲಸ ಬೇಗ ಮುಗಿಯಿತು. ಬೂಟ್ ಕೂಡ ಮೊದಲಿಗಿಂತ ಬೇಗ ಆಯಿತು. ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಇಬ್ಬರಿಗೂ ಹಿಗ್ಗು.

ಮರುದಿನ ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ. ಬೆಳಿಗ್ಗೆ ಕೌಂಟರಿನ ಮುಂದೆ ಪೆನ್ ಡ್ರೈವ್ ಹಿಡಿದ ಗುಂಪು. ಮೊದಲನೆಯದನ್ನು ಚುಚ್ಚಿದರು, ಪರದೆಯ ಮೇಲೆ ಏನೂ ಇಲ್ಲ. ಎರಡನೆಯದು, ಅದೂ ಇಲ್ಲ. ಕಂಪೈಲ್ ಮಾಡುವಾಗ ಯಂತ್ರಕ್ಕೆ ಯಾವ ಪೆನ್ ಡ್ರೈವೂ ಚುಚ್ಚಿರಲಿಲ್ಲ, ಹಾಗಾಗಿ ಪೆನ್ ಡ್ರೈವಿನ ಕಡತಗಳನ್ನು ಓದಲು ಬೇಕಾದ ಎಕ್ಸ್‌ಫ್ಯಾಟ್ ಮಾಡ್ಯೂಲ್ ಓಡುತ್ತಿರಲಿಲ್ಲ, ಹಾಗಾಗಿ ಅದು ಪಟ್ಟಿಯಲ್ಲೇ ಇರಲಿಲ್ಲ. ಹುಡುಗರು ಕಾರಣ ಕಂಡುಹಿಡಿದದ್ದು ಬೇಗ, ಆದರೆ ಪರಿಹಾರ ಇನ್ನೊಂದು ಸುತ್ತು ಕಂಪೈಲ್. ಅಂಗಡಿಯವರು ಒಂದೇ ಮಾತು ಹೇಳಿದರಂತೆ: "ಹಳೆಯದನ್ನೇ ಹಾಕಿಬಿಡಪ್ಪ, ಗಿರಾಕಿಗಳು ನಿಂತಿದ್ದಾರೆ." ಮರುಚಾಲನೆ ಮಾಡಿ, ಬೂಟ್ ಆಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಕೆಳಗಿದ್ದ ಹಳೆಯ ಕರ್ನಲ್ ಆರಿಸಿದರು. ಅಂಗಡಿ ನಡೆಯಿತು. ಹಳೆಯದನ್ನು ಅಳಿಸದೆ ಇಟ್ಟಿದ್ದರಲ್ಲ, ಆ ಬುದ್ಧಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ವಿತರಣೆಗಳವರು ಸಾವಿರಾರು ಮಾಡ್ಯೂಲುಗಳನ್ನು ಸುಮ್ಮನೆ ತುಂಬುವುದಿಲ್ಲ ಎಂಬುದು ಆ ಕೌಂಟರಿನ ಮುಂದೆ ನಿಂತವರಿಗೆ ಅರ್ಥವಾಗುತ್ತದೆ. ನಾಳೆ ನಿಮ್ಮ ಕಂಪ್ಯೂಟರಿಗೆ ಯಾರು ಏನನ್ನು ತಂದು ಚುಚ್ಚುತ್ತಾರೆ ಎಂಬುದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಅವರು ಮೊದಲೇ ತಯಾರಾಗಿರುತ್ತಾರೆ.

ಇನ್ನು ಕಂಪೈಲಿನ ಕಷ್ಟದ ವಿಷಯ. ಅದನ್ನು ಜನ ವಿಪರೀತ ದೊಡ್ಡದು ಮಾಡುತ್ತಾರೆ. ಮೂಲವನ್ನು ಇಳಿಸಿಕೊಳ್ಳುವುದು, ಈಗಿರುವ ಕಾನ್ಫಿಗ್ ಕಡತವನ್ನು (ಕರ್ನಲ್ ಆಯ್ಕೆಗಳ ಪಟ್ಟಿಯನ್ನು) ನಕಲು ಮಾಡುವುದು, 'ಮೇಕ್' ಎನ್ನುವುದು, ಮಾಡ್ಯೂಲುಗಳನ್ನು ಸ್ಥಾಪಿಸುವುದು, ಕರ್ನಲ್ಲನ್ನು ಸ್ಥಾಪಿಸುವುದು. ಇಷ್ಟೇ. ಉಬುಂಟುವಿನ ಕಾನ್ಫಿಗ್ ನಕಲು ಮಾಡಿದವರಿಗೆ ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿಯ ಪ್ರಮಾಣಪತ್ರದ ಕಡತ ಸಿಗಲಿಲ್ಲ ಎಂಬ ದೂರು ಬಂದು ಮೇಕ್ ನಿಲ್ಲುತ್ತದೆ. ಕಾನ್ಫಿಗ್‌ನಲ್ಲಿ ಪ್ರಮಾಣಪತ್ರ ಕೇಳುವ ಎರಡು ಕೀಲಿ ಆಯ್ಕೆಗಳನ್ನು ಖಾಲಿ ಮಾಡಿದರೆ ಮುಂದೆ ಹೋಗುತ್ತದೆ. ದೋಷ ಹುಡುಕಲು ನೆರವಾಗುವ ಡೀಬಗ್ ಮಾಹಿತಿಯ ಆಯ್ಕೆಯನ್ನು ಆಫ್ ಮಾಡಲು ಮರೆತರೆ ಡಿಸ್ಕಿನಲ್ಲಿ ಹತ್ತಿಪ್ಪತ್ತು ಜಿಬಿ ನೋಡುತ್ತಿದ್ದಂತೆಯೇ ಮಾಯವಾಗುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಕರ್ನಲ್ಲನ್ನು ಯಂತ್ರ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೂ ಗಾಬರಿ ಬೇಡ: ಮೇಕ್ ಆದೇಶವನ್ನು ಮತ್ತೆ ಕೊಟ್ಟರೆ ಆಗಿರುವ ಕಡತಗಳನ್ನು ಬಿಟ್ಟು ಆಗದವುಗಳಿಂದ ಮುಂದುವರಿಯುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಕಂಪೈಲ್ ಅಲ್ಲ, ಅದಕ್ಕೆ ಮೊದಲಿನ 'ಮೆನುಕಾನ್ಫಿಗ್'. ನೀಲಿ ಹಿನ್ನೆಲೆಯ ಮೇಲೆ ಬೂದು ಪೆಟ್ಟಿಗೆ, ಒಳಗೆ 15,000ಕ್ಕೂ ಹೆಚ್ಚು ಆಯ್ಕೆಗಳು. ಹೆಚ್ಚಿನವುಗಳ ಮುಂದೆ ಎರಡೋ ಮೂರೋ ಉತ್ತರ: ಇರಲಿ, ಬೇಡ, ಕೆಲವಕ್ಕೆ ಮಾಡ್ಯೂಲಾಗಿ ಇರಲಿ. ಪ್ರಶ್ನೆಚಿಹ್ನೆ ಒತ್ತಿದರೆ ವಿವರಣೆ ತೆರೆಯುತ್ತದೆ. ಹಲವು ವಿವರಣೆಗಳ ಕೊನೆಗೆ 'ಖಚಿತವಿಲ್ಲದಿದ್ದರೆ ಬೇಡ ಎನ್ನಿ' ಎಂಬ ಸಾಲಿರುತ್ತದೆ. ಮನೆಯ ಹಿರಿಯರ ಧ್ವನಿ ಅದು.

ಒಂದು ಭಾನುವಾರ ಇಡೀ ನಾನು ಆ ವಿವರಣೆಗಳನ್ನೇ ಓದುತ್ತ ಕುಳಿತಿದ್ದೆ, ಕಂಪೈಲ್ ಮಾಡುವ ಉದ್ದೇಶವೇ ಇಲ್ಲದೆ. 6ನೇ ಸರಣಿಯ ಕರ್ನಲ್. ಹವ್ಯಾಸಿ ರೇಡಿಯೊದವರು ಗಾಳಿಯಲ್ಲಿ ಸಂದೇಶ ಕಳುಹಿಸುವ ಎಎಕ್ಸ್.25 ಪ್ರೋಟೊಕಾಲಿಗೆ ಅದರಲ್ಲಿ ಜಾಗವಿದೆ. ಫ್ಲಾಪಿ ಡಿಸ್ಕಿಗೆ ಜಾಗವಿದೆ. ಕಾರಿನೊಳಗಿನ ಎಂಜಿನ್, ಬ್ರೇಕ್, ಬಾಗಿಲುಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ಸಿಗೆ, ಸೂಪರ್ ಕಂಪ್ಯೂಟರುಗಳನ್ನು ಬೆಸೆಯುವ ಇನ್ಫಿನಿಬ್ಯಾಂಡಿಗೆ, ಒಂದೇ ತಂತಿಯ ಮೇಲೆ ಉಷ್ಣಾಂಶ ಹೇಳುವ ಪುಟ್ಟ ಸೆನ್ಸರಿಗೆ ಎಲ್ಲಕ್ಕೂ ಒಂದೊಂದು ಸಾಲು. ಆ ಸೆನ್ಸರಿನ ಸಾಲಿನಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ತಿಪಟೂರಿನ ಕಡೆ ಕೊಬ್ಬರಿ ಅಟ್ಟದ ಉಷ್ಣಾಂಶವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಅಂಥದ್ದೇ ಸೆನ್ಸರ್ ಕಟ್ಟಿ ಅಳೆಯುವ ಪರಿಚಯದವರೊಬ್ಬರಿದ್ದಾರೆ. ಅವರಿಗೆ ಕರ್ನಲ್ ಎಂದರೇನೆಂದೇ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಯಾರೋ, ಎಲ್ಲೋ, ಆ ಡ್ರೈವರ್ ಬರೆದಿದ್ದಾರೆ. ಇನ್ನಾರೋ ಅದನ್ನು ಮಾಡ್ಯೂಲಾಗಿ ಇರಲಿ ಎಂದು ಆರಿಸಿದ್ದಾರೆ.

ನಿಮ್ಮ ಲ್ಯಾಪ್‌ಟಾಪಿನೊಳಗೆ ಏನೇನಿದೆ ಎಂದು ತಿಳಿಯುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. 'ಎಲ್‌ಎಸ್‌ಪಿಸಿಐ' ಆದೇಶಕ್ಕೆ 'ಕೆ' ಸೇರಿಸಿ ಓಡಿಸಿ, ಯಾವ ಚಿಪ್ಪನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂಬ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಮೆನುಕಾನ್ಫಿಗ್ ಓದಿ. ಅಂಗಡಿಯವರು 'ಇಂಟೆಲ್ ವೈಫೈ' ಎಂದು ಮಾರಿದ್ದು ಒಳಗೆ ಬೇರೆ ಚಿಪ್ ಆಗಿರುವುದು ಗೊತ್ತಾಗಿ ಸಿಟ್ಟು ಬಂದರೆ ನಾನು ಹೊಣೆಯಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಶ್ರಮ ಎಂದಾಗ ಎಲ್ಲರೂ ಲೆಕ್ಕ ಹಿಡಿಯುವುದು ಮೊದಲ ರಾತ್ರಿಯದು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೆಂಗಿನ ಸಸಿ ನೆಡುವುದು ಒಂದು ಬೆಳಗಿನ ಕೆಲಸ, ನೀರು ಹಾಯಿಸುವುದು ವರ್ಷಗಳ ಕೆಲಸ. ವಿತರಣೆಯ ಕರ್ನಲ್ ಬಳಸುವವರೆಗೆ ನೀರು ಹಾಯಿಸುವವರು ಬೇರೆ ಇದ್ದಾರೆ. ನಿಮ್ಮದೇ ಕಟ್ಟಿದ ದಿನ ಆ ಕೆಲಸ ನಿಮ್ಮ ಹೆಗಲಿಗೆ ಬರುತ್ತದೆ.

ಆ ಕೆಲಸ ಎಷ್ಟು? ಮುಖ್ಯ ಕರ್ನಲ್ಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಅದರ ಜೊತೆಗೆ ತಿದ್ದುಪಡಿಗಳ ಸ್ಥಿರ ಸರಣಿ ಹೆಚ್ಚುಕಡಿಮೆ ವಾರಕ್ಕೊಮ್ಮೆ. 2024ರ ಫೆಬ್ರುವರಿಯಿಂದ ಕರ್ನಲ್ ತಂಡವೇ ತನ್ನ ಭದ್ರತಾ ದೋಷಗಳಿಗೆ ಸಿವಿಇ ಎಂಬ ಗುರುತಿನ ಸಂಖ್ಯೆ ಕೊಡುತ್ತಿದೆ; ಅಂದಿನಿಂದ ಅವು ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಬರುತ್ತಿವೆ. ಎಲ್ಲವೂ ನಿಮಗೆ ಸಂಬಂಧಿಸಿದ್ದಲ್ಲ, ಆದರೆ ಯಾವುದು ಸಂಬಂಧಿಸಿದ್ದು ಎಂದು ತಿಳಿಯಲಾದರೂ ಓದಬೇಕಲ್ಲ. 2022ರ ಮಾರ್ಚಿನಲ್ಲಿ ಹೊರಬಂದ ಡರ್ಟಿ ಪೈಪ್ ದೋಷ ನೆನಪಿರಬಹುದು. ಓದಲು ಮಾತ್ರ ಅನುಮತಿಯಿರುವ ಕಡತಕ್ಕೆ ಸಾಮಾನ್ಯ ಬಳಕೆದಾರನೂ ಬರೆಯಬಹುದಾಗಿತ್ತು, ಅಲ್ಲಿಂದ ಇಡೀ ಯಂತ್ರದ ಅಧಿಕಾರ ಪಡೆಯಬಹುದಾಗಿತ್ತು. 5.8ರಲ್ಲಿ ನುಸುಳಿದ್ದ ಅದಕ್ಕೆ 5.16.11, 5.15.25, 5.10.102ರಲ್ಲಿ ಪರಿಹಾರ ಬಂತು. ವಿತರಣೆಯ ಕರ್ನಲ್ ಬಳಸುವವರು ಎಂದಿನಂತೆ ಅಪ್‌ಡೇಟ್ ಒತ್ತಿ ಚಹಾ ಕುಡಿದು ಬಂದರು. ತಾವೇ ಕಟ್ಟಿಕೊಂಡು, ಒಂದು ಸಲ ಹಿಗ್ಗಿ, ಆಮೇಲೆ ಮರೆತವರ ಯಂತ್ರಗಳು ಹಾಗೇ ಉಳಿದವು. ದೀರ್ಘಕಾಲೀನ ಆವೃತ್ತಿ ಹಿಡಿದರೆ ನೆಮ್ಮದಿ ಎನ್ನುವ ಹಾಗೂ ಇಲ್ಲ. ಆರು ವರ್ಷ ನೋಡಿಕೊಳ್ಳುತ್ತಿದ್ದ ಅವುಗಳ ಆಯಸ್ಸನ್ನು ಎರಡು ವರ್ಷಕ್ಕೆ ಇಳಿಸುವ ತೀರ್ಮಾನ 2023ರಲ್ಲೇ ಹೊರಬಿತ್ತು.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಬ್ಬ ಯಜಮಾನರು. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ಹೊರಬಂದ ಮೇಲೆ ಸಣ್ಣ ವರ್ಕ್‌ಶಾಪ್ ಇಟ್ಟವರು. ಅವರಲ್ಲಿ ಹಳೆಯ ಮಿಲ್ಲಿಂಗ್ ಯಂತ್ರವೊಂದಿದೆ. ಅದಕ್ಕೆ ಸ್ಟೆಪ್ಪರ್ ಮೋಟಾರು ಕೂರಿಸಿ, ಹಳೆಯ ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿನಿಂದ, ಇಂಥ ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶವಾದ ಲಿನಕ್ಸ್‌ಸಿಎನ್‌ಸಿ ಮೂಲಕ ನಡೆಸಬೇಕೆಂದು ನನ್ನನ್ನು ಕರೆದಿದ್ದರು.

ಕರ್ನಲ್ ಕಂಪೈಲ್ ಮಾಡಲು ನ್ಯಾಯವಾದ ಕಾರಣ ಸಿಕ್ಕಿತೆಂದು ನಾನು ಹುರುಪಿನಿಂದಲೇ ಹೋದೆ. ಮೋಟಾರಿಗೆ ಹೆಜ್ಜೆಯ ಸಂಕೇತಗಳನ್ನು ತಂತ್ರಾಂಶವೇ ಕಳುಹಿಸುವಾಗ ಪ್ರತಿ ಹೆಜ್ಜೆಯೂ ಸರಿಯಾದ ಹೊತ್ತಿಗೆ ಬೀಳಬೇಕು. ಲಿನಕ್ಸ್‌ಸಿಎನ್‌ಸಿಯ ಲೇಟೆನ್ಸಿ (ವಿಳಂಬದ) ಪರೀಕ್ಷೆಯಲ್ಲಿ ಮುಖ್ಯ ಅಂಕಿ ಗರಿಷ್ಠ ಜಿಟ್ಟರ್, ಅಂದರೆ ನಿಗದಿತ ಹೊತ್ತಿನಿಂದ ಅತಿ ಹೆಚ್ಚು ಎಷ್ಟು ಆಚೀಚೆ ಆಯಿತು ಎಂಬುದು. 15ರಿಂದ 20 ಮೈಕ್ರೊಸೆಕೆಂಡಿನೊಳಗೆ ಇದ್ದರೆ ಯಂತ್ರ ಸೊಗಸಾಗಿ ನಡೆಯುತ್ತದೆ, 30ರಿಂದ 50 ಆದರೆ ನಿಭಾಯಿಸಬಹುದು, 100 ಮುಟ್ಟಿದರೆ ಆ ಕಂಪ್ಯೂಟರ್ ಈ ಕೆಲಸಕ್ಕೆ ಬಾರದು.

ಇದನ್ನೆಲ್ಲ ವಿವರಿಸಿ, ನೈಜ ಸಮಯದ ಕರ್ನಲ್, ಅಂದರೆ ಕೆಲಸ ನಿಗದಿತ ಹೊತ್ತಿಗೇ ಆಗುವಂತೆ ಹೊಂದಿಸಿದ ಕರ್ನಲ್, ಹಾಕಿದರೆ ಒಟ್ಟು ಕೆಲಸ ಒಂದು ಚೂರು ನಿಧಾನವಾಗಬಹುದು ಎಂದೆ. ಯಜಮಾನರು ನಕ್ಕರು. "ಗಂಟೆಗೆ 18,000 ಬಡಿತದ ಗಡಿಯಾರ ಜೋಡಿಸುತ್ತಿದ್ದವನಿಗೆ ಇದನ್ನು ಹೇಳುತ್ತೀರಾ? ಬೇಗ ಓಡುವ ಗಡಿಯಾರವನ್ನು ನಾವು ರಿಪೇರಿಗೆ ಕಳುಹಿಸುತ್ತಿದ್ದೆವು." ಮುಂದೆ ನಾನು ವೇಗದ ಮಾತೆತ್ತಲಿಲ್ಲ.

ನೈಜ ಸಮಯದ ಆ ತಿದ್ದುಪಡಿಗಳಿಗೆ ಸ್ವಾರಸ್ಯದ ಇತಿಹಾಸವಿದೆ. ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು 2004ರ ಸುಮಾರಿಗೆ ಶುರು ಮಾಡಿದ ಪ್ರಿಯೆಂಪ್ಟ್-ಆರ್‌ಟಿ ಎರಡು ದಶಕ ಮುಖ್ಯ ಕರ್ನಲ್ಲಿನ ಹೊರಗೇ ಉಳಿದಿತ್ತು. ಬೇಕಾದವರು ತಿದ್ದುಪಡಿಗಳನ್ನು ಇಳಿಸಿ, ಮೂಲಕ್ಕೆ ಹಚ್ಚಿ, ಕಂಪೈಲ್ ಮಾಡಿಕೊಳ್ಳಬೇಕಿತ್ತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಸಮಾವೇಶದಲ್ಲಿ ಗ್ಲೈಕ್ಸ್‌ನರ್ ಕೊನೆಯ ಕಂತಿನ ಮನವಿಯನ್ನು ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಟೊರ್ವಾಲ್ಡ್ಸ್ ಕೈಗಿತ್ತರು. ಆ ವರ್ಷದ ನವೆಂಬರಿನಲ್ಲಿ ಬಂದ 6.12ರಲ್ಲಿ ಅದು ಎಕ್ಸ್86, ಆರ್ಮ್ 64, ರಿಸ್ಕ್-ವಿ ಯಂತ್ರಗಳಿಗೆ ಮುಖ್ಯ ಕರ್ನಲ್ಲಿನ ಭಾಗವೇ ಆಯಿತು.

ವರ್ಕ್‌ಶಾಪಿನಲ್ಲಿ ಎರಡನ್ನೂ ಪರೀಕ್ಷಿಸಿದೆ. ಡೆಬಿಯನ್ ಬಳಿ ಸಿದ್ಧ ನೈಜ ಸಮಯದ ಕರ್ನಲ್ ಪ್ಯಾಕೇಜ್ ಇದೆ, ಒಂದು ಆದೇಶಕ್ಕೆ ಬರುತ್ತದೆ. ಅದರ ಪಕ್ಕದಲ್ಲಿ ನಾನು ಕತ್ತರಿಸಿ ಕಟ್ಟಿದ್ದು. ಆರಂಭದಲ್ಲಿ ಎರಡರ ಅಂಕಿಯೂ ಕೆಟ್ಟದಾಗಿತ್ತು. ನಂತರ ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸಿಗೆ ಹೋಗಿ ಪ್ರೊಸೆಸರಿನ ನಿದ್ದೆಯ ಹಂತಗಳನ್ನೂ, ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗನ್ನೂ ಆಫ್ ಮಾಡಿ, ಬೂಟ್ ಸಾಲಿನಲ್ಲಿ ಒಂದು ಕೋರನ್ನು ಈ ಕೆಲಸಕ್ಕೆಂದೇ ಬೇರ್ಪಡಿಸಿದ ಮೇಲೆ ಎರಡೂ ಒಳ್ಳೆಯ ಮಟ್ಟಕ್ಕೆ ಇಳಿದವು. ದೊಡ್ಡ ಬದಲಾವಣೆ ಬಂದದ್ದು ಬಯೋಸಿನಿಂದ. ನನ್ನ ಕರ್ನಲ್ ಡೆಬಿಯನ್‌ನದಕ್ಕಿಂತ ಕೂದಲೆಳೆಯಷ್ಟು ಮೇಲು.

ಆ ಕೂದಲೆಳೆಯನ್ನು ತೋರಿಸಿ, ಇದನ್ನೇ ಇಡೋಣವೇ ಎಂದು ಕೇಳಿದೆ. ಯಜಮಾನರು ಪರದೆ ನೋಡಲಿಲ್ಲ, ನನ್ನನ್ನು ನೋಡಿದರು. "ಡಿಸ್ಕ್ ಕೆಟ್ಟು, ನೀವು ಊರಲ್ಲಿ ಇಲ್ಲದ ದಿನ ಇದನ್ನು ಮತ್ತೆ ಹಾಕುವವರು ಯಾರು?"

ಡೆಬಿಯನ್‌ನದೇ ಉಳಿಯಿತು. ಅದನ್ನು ಹಾಕುವ ಆದೇಶವನ್ನೂ ಬೂಟ್ ಸಾಲನ್ನೂ ಒಂದು ಕಾಗದದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದಾರೆ, ಗ್ರೀಸ್ ತಾಗದಂತೆ ಪ್ಲಾಸ್ಟಿಕ್ ಹೊದಿಸಿ. ಯಂತ್ರಕ್ಕೆ ಇಂಟರ್ನೆಟ್ ಇಲ್ಲ, ಆದ್ದರಿಂದ ವಾರವಾರದ ಅಪ್‌ಡೇಟಿನ ಚಿಂತೆ ಅಲ್ಲಿ ದೊಡ್ಡದಲ್ಲ. ಚಿಂತೆ ಬೇರೆ ಮನುಷ್ಯನ ಮೇಲಿನ ಅವಲಂಬನೆಯದು. ಅಂದಿನಿಂದ ಕಂಪೈಲ್ ಬಗ್ಗೆ ಯಾರೇ ಕೇಳಿದರೂ ನಾನು ಅದೇ ಪ್ರಶ್ನೆಯನ್ನು ವಾಪಸ್ ಕೇಳುತ್ತೇನೆ. ಎರಡನೆಯ ಸಲ ಮಾಡುವವರು ಯಾರು ಎಂಬುದಕ್ಕೆ ಉತ್ತರವಿದ್ದರೆ ಧಾರಾಳವಾಗಿ ಮಾಡಿ. ರೌಟರ್, ಟಿವಿ, ಮೀಟರ್ ತಯಾರಿಸುವ ಕಂಪನಿಗಳಲ್ಲಿ ಅದಕ್ಕೆಂದೇ ಸಂಬಳ ಪಡೆಯುವವರು ಇರುತ್ತಾರೆ. ಅವರ ಮಟ್ಟಿಗೆ ಈ ಚರ್ಚೆಯೇ ಇಲ್ಲ.

ಸಂಬಳವಿಲ್ಲದ ನಮ್ಮಂಥವರಿಗೆ ಕಂಪೈಲ್ ನಿಜವಾಗಿ ಬೇಕಾಗುವ ಸಂದರ್ಭ ಒಂದಿದೆ, ಅದು ನನ್ನ ಅಕ್ಕನ ಮಗನಿಗೇ ಬಂತು. ಒಂದು ಅಪ್‌ಡೇಟ್ ಆದ ಮೇಲೆ ಅವನ ಲ್ಯಾಪ್‌ಟಾಪ್ ಮುಚ್ಚಿದರೆ ಮಲಗುತ್ತಿತ್ತು, ತೆರೆದರೆ ಏಳುತ್ತಿರಲಿಲ್ಲ. ಹಿಂದಿನ ಕರ್ನಲ್ಲಿನಲ್ಲಿ ಸರಿಯಾಗಿತ್ತು. "ಮಾವ, ಯಾರನ್ನು ಕೇಳಬೇಕು?" ಎಂದ. ಕೇಳುವುದಕ್ಕೆ ಮುಂಚೆ ಹುಡುಕು ಎಂದೆ.

ಎರಡು ಮುಖ್ಯ ಆವೃತ್ತಿಗಳ ನಡುವೆ ಸುಮಾರು 14,000 ಬದಲಾವಣೆಗಳು ಇರುತ್ತವೆ. ಅವುಗಳಲ್ಲಿ ಯಾವುದೋ ಒಂದು ಈ ಲ್ಯಾಪ್‌ಟಾಪನ್ನು ಕೆಡಿಸಿದೆ. ಒಂದೊಂದನ್ನೇ ನೋಡುತ್ತ ಹೋದರೆ ಪದವಿ ಮುಗಿದರೂ ಸಿಗದು. ಕರ್ನಲ್ ಮೂಲದ ಬದಲಾವಣೆಗಳ ದಾಖಲೆ ಇಡುವ ಗಿಟ್‌ ತಂತ್ರಾಂಶದಲ್ಲಿ 'ಬೈಸೆಕ್ಟ್' ಎಂಬ ಸೌಲಭ್ಯವಿದೆ: ಸರಿಯಿದ್ದ ಆವೃತ್ತಿ, ಕೆಟ್ಟ ಆವೃತ್ತಿ ಎರಡನ್ನೂ ಹೇಳಿದರೆ ನಟ್ಟನಡುವಿನದನ್ನು ಎತ್ತಿ ಕೊಡುತ್ತದೆ. ಅದನ್ನು ಕಂಪೈಲ್ ಮಾಡಿ, ಬೂಟ್ ಮಾಡಿ, ಮುಚ್ಚಳ ಮುಚ್ಚಿ ತೆರೆದು ನೋಡಬೇಕು. ಎದ್ದರೆ ಸರಿ ಎಂದು, ಏಳದಿದ್ದರೆ ಕೆಟ್ಟದ್ದು ಎಂದು ಗುರುತು ಹಾಕಬೇಕು. ಪ್ರತಿ ಸುತ್ತಿಗೂ ಅರ್ಧದಷ್ಟು ಶಂಕಿತರು ಕಳಚಿಕೊಳ್ಳುತ್ತಾರೆ. ಒಂದನ್ನು ಎರಡರಿಂದ 14 ಸಲ ಗುಣಿಸುತ್ತ ಹೋದರೆ 16,384. ಅಂದರೆ ಹದಿನಾಲ್ಕು ಸುತ್ತಿನೊಳಗೆ ಅಪರಾಧಿ ಸಿಗಲೇಬೇಕು. ಜೆರಾಕ್ಸ್ ಅಂಗಡಿಯಲ್ಲಿ ಕೈಕೊಟ್ಟ ಅದೇ ಲೋಕಲ್‌ಮಾಡ್‌ಕಾನ್ಫಿಗ್ ಇಲ್ಲಿ ವರ. ಪೆನ್ ಡ್ರೈವ್ ಓದದಿದ್ದರೂ ನಡೆಯುತ್ತದೆ, ಎದ್ದು ಕುಳಿತರೆ ಸಾಕು.

ಹುಡುಗ ತನ್ನ ಕೋಣೆಯಲ್ಲಿ ಮುಚ್ಚಳ ಮುಚ್ಚುವುದು ತೆರೆಯುವುದು ಮಾಡುತ್ತಲೇ ಇದ್ದ. ಅಕ್ಕ ಬಂದು ನೋಡಿ, ಲ್ಯಾಪ್‌ಟಾಪ್ ಮುರಿದರೆ ಹೊಸದು ಕೊಡಿಸುವುದಿಲ್ಲ ಎಂದು ಎಚ್ಚರಿಸಿ ಹೋದಳು. ಕೊನೆಗೆ ಒಂದು ಡ್ರೈವರಿನಲ್ಲಿ ಚಿಪ್ಪನ್ನು ಮಲಗಿಸುವ ಕ್ರಮ ಬದಲಿಸಿದ್ದ ಕೆಲವೇ ಸಾಲುಗಳ ಬದಲಾವಣೆಗೆ ಬಂದು ನಿಂತಿತು. ಅದನ್ನೊಂದನ್ನೇ ಹಿಂದೆಗೆದು ಕಟ್ಟಿ ನೋಡಿದ, ಲ್ಯಾಪ್‌ಟಾಪ್ ಎದ್ದಿತು.

ಹಿಂದೆ ಕೆಲಸ ಮಾಡುತ್ತಿದ್ದದ್ದು ಹೊಸ ಆವೃತ್ತಿಯಲ್ಲಿ ಕೆಡಬಾರದು ಎಂಬುದು ಕರ್ನಲ್ ಸಮುದಾಯದಲ್ಲಿ ಟೊರ್ವಾಲ್ಡ್ಸ್ ಪಟ್ಟು ಹಿಡಿದು ಕಾಪಾಡಿಕೊಂಡು ಬಂದಿರುವ ನಿಯಮ. ಆದರೆ ತುಮಕೂರಿನ ಒಂದು ಕೋಣೆಯಲ್ಲಿ ಯಾವ ಲ್ಯಾಪ್‌ಟಾಪ್ ಏಳುತ್ತಿಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಡ್ರೈವರ್ ಬರೆದವರ ಬಳಿ ಆ ಲ್ಯಾಪ್‌ಟಾಪ್ ಇಲ್ಲ. 'ಏಳುತ್ತಿಲ್ಲ' ಎಂಬ ದೂರಿನಿಂದ ಅವರಿಗೆ ಉಪಯೋಗವಿಲ್ಲ. 'ಈ ಬದಲಾವಣೆಯಿಂದ ಏಳುತ್ತಿಲ್ಲ, ತೆಗೆದರೆ ಏಳುತ್ತದೆ' ಎಂದರೆ ಅರ್ಧ ಕೆಲಸ ಮುಗಿದಂತೆ. ಹುಡುಗ ಇಮೇಲ್ ಬರೆದ. ನಾನು ಓದಿ, ಮೊದಲ ಪ್ಯಾರಾದ ಕ್ಷಮಾಪಣೆಗಳನ್ನು ತೆಗೆಸಿದೆ. ಡ್ರೈವರ್ ನೋಡಿಕೊಳ್ಳುವವರಿಂದ ಉತ್ತರ ಬಂತು, ಜೊತೆಗೆ ಪರೀಕ್ಷಿಸಲು ಸಣ್ಣದೊಂದು ತಿದ್ದುಪಡಿ. ಇನ್ನೊಂದು ಸಲ ಕಂಪೈಲ್. ಎದ್ದಿತು, ಮತ್ತೆ ಮಲಗಿಸಿದರೂ ಎದ್ದಿತು. ಪರೀಕ್ಷಿಸಿದವರು ಎಂಬ ಸಾಲಿನಲ್ಲಿ ಹುಡುಗನ ಹೆಸರು ಸೇರಿತು. ಕ್ಯಾಂಪಸ್ ಸಂದರ್ಶನಕ್ಕೆ ಅದನ್ನು ರೆಸ್ಯೂಮೆಯಲ್ಲಿ ಹಾಕಿದ್ದಾನೆ, ಹಾಕಲಿ.

ಕೆಲವು ವಾರಗಳಲ್ಲಿ ಅದೇ ತಿದ್ದುಪಡಿ ಮುಖ್ಯ ಕರ್ನಲ್ಲಿಗೆ, ಅಲ್ಲಿಂದ ಸ್ಥಿರ ಸರಣಿಗೆ, ಅಲ್ಲಿಂದ ವಿತರಣೆಯ ಕರ್ನಲ್ಲಿಗೆ ಬಂತು. ಅಪ್‌ಡೇಟ್ ಹಾಕಿದ ಸಂಜೆ ಅವನು ತಾನು ಕಟ್ಟಿದ್ದ ಕರ್ನಲ್ಲುಗಳನ್ನೆಲ್ಲ ಅಳಿಸಿದ. ಬೂಟ್ ಪಾರ್ಟಿಷನ್ ತುಂಬಿ ಹೋಗಿ ಅಪ್‌ಡೇಟ್ ಹಾಕಲೂ ಜಾಗವಿರಲಿಲ್ಲವಂತೆ. ಕಾನ್ಫಿಗ್ ಕಡತವನ್ನು ಮಾತ್ರ ಬೇರೆ ಕಡೆ ಎತ್ತಿಟ್ಟಿದ್ದಾನೆ, ಮುಂದೆ ಇನ್ನೇನಾದರೂ ಕೆಟ್ಟರೆ ಬೇಕಾಗುತ್ತದೆ ಎಂದು.